ವಾಣಿಜ್ಯಮೇಳದ ಮಾತು: ಫ್ರಾಂಕ್‌ಫರ್ಟ್ ಪುಸ್ತಕಮೇಳದ ವಿದ್ವದ್ಗೋಷ್ಠಿಯೂ ನೇರಪ್ರಸಾರವೂ

ಸಂತೆಯೆಂದೊಡನೆ ಸರಕು, ತಕ್ಕಡಿ, ಚೌಕಾಸಿ ಇವು ಮನಸ್ಸಿಗೆ ಬರುವುದು ಸಹಜ. ಆದರೆ ಜನ ನೆರೆದಲ್ಲಿ ಸರಕಿನೊಡನೆ ಮಾತಿನ ವಿನಿಮಯವೂ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ದೊಡ್ಡ ವಾಣಿಜ್ಯಮೇಳಗಳ ತಜ್ಞಗೋಷ್ಠಿಗಳನ್ನು ಅಂತರ್ಜಾಲದ ಮೂಲಕ ನೇರವಾಗಿ ಪ್ರಸಾರಮಾಡುವ ಪದ್ಧತಿ ರೂಢಿಗೆ ಬಂದಿದೆ. ಇದು ತೀರ ಹೊಸದೆಂದು ತೋರಿದರೂ ಇದರ ಬೇರು ಹಳೆಯದು. ಜರ್ಮನಿಯ ಫ್ರಾಂಕ್‌ಫರ್ಟ್ ಪುಸ್ತಕಮೇಳವನ್ನು ಉದಾಹರಣೆಯಾಗಿಟ್ಟುಕೊಂಡು, ಮೇಳದ ಯಾವ ಅಂಶ ದೂರಕ್ಕೆ ಸಾಗಬಲ್ಲುದು, ಯಾವುದು ಸಾಗಲಾರದು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೈನ್ ನದಿಯ ದಡದ ಈ ನಗರದಲ್ಲಿ ವಸಂತಕಾಲದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಮೇಳ ನೆರೆಯುತ್ತಿತ್ತು. ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಪುಸ್ತಕವ್ಯಾಪಾರದ ಪ್ರಧಾನ ಕೇಂದ್ರಗಳಲ್ಲಿ ಇದು ಒಂದಾಗಿತ್ತು. ಜಿನೀವದಲ್ಲಿ ಮುದ್ರಕನಾಗಿದ್ದ ವಿದ್ವಾಂಸ ಆಂರಿ ಎಸ್ತಿಯೆನ್ 1574ರಲ್ಲಿ ಈ ಮೇಳವನ್ನು ಹೊಗಳಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಗ್ರಂಥಾಲಯಗಳಲ್ಲಿ ದೊರೆಯದ ಲಾಭವೊಂದು ಇಲ್ಲಿ ದೊರೆಯುವುದೆಂಬುದು ಅವನ ಅಭಿಪ್ರಾಯ. ಹಲವು ವಿದ್ಯಾಪೀಠಗಳಿಂದ ಬಂದ ಪಂಡಿತರ ಬಾಯಿಮಾತನ್ನೇ ಇಲ್ಲಿ ಕೇಳಬಹುದಾಗಿತ್ತು. ಅವರು ಪುಸ್ತಕದ ಅಂಗಡಿಗಳಲ್ಲಿಯೇ ತತ್ತ್ವವಿಚಾರಕ್ಕೆ ತೊಡಗುತ್ತಿದ್ದರು. ವಾಣಿಜ್ಯಮೇಳದಲ್ಲಿ ತಜ್ಞರ ಚರ್ಚೆಯೆಂಬುದು ನಮ್ಮ ಕಾಲದ ಕಲ್ಪನೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಆ ಮಾತು ಕೂಗಳತೆಯನ್ನು ದಾಟಲಿಲ್ಲ.

ದಾಟಿದ್ದು ಪುಸ್ತಕಗಳ ಪಟ್ಟಿ. ಔಗ್ಸ್‌ಬರ್ಗಿನ ಪುಸ್ತಕವ್ಯಾಪಾರಿ ಗೇಯೋರ್ಗ್ ವಿಲ್ಲರ್ 1564ರಲ್ಲಿ ಮೇಳದ ಪುಸ್ತಕಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿದನು. 1598ರಿಂದ ನಗರಸಭೆಯೇ ಅಧಿಕೃತ ಪಟ್ಟಿಯನ್ನು ಹೊರಡಿಸತೊಡಗಿತು. ಲಂಡನ್ನಿನಲ್ಲಿ ಜಾನ್ ಬಿಲ್ ಎಂಬಾತನು 1617ರಿಂದ ಕೆಲವು ವರ್ಷ ಈ ಪಟ್ಟಿಯ ಆವೃತ್ತಿಯನ್ನು ಪ್ರಕಟಿಸಿದನು. ಮೇಳಕ್ಕೆ ಬಾರದವನಿಗೂ ಅಲ್ಲಿ ಏನಿದೆಯೆಂಬುದು ಹೀಗೆ ತಿಳಿಯಿತು. ಅಲ್ಲಿ ಏನು ಮಾತಾಡಿದರೆಂಬುದು ಮಾತ್ರ ತಿಳಿಯಲಿಲ್ಲ.

ಮುಂದೆ ಈ ವ್ಯಾಪಾರದ ಹಿರಿಮೆ ಲೈಪ್ಜಿಗ್ ನಗರಕ್ಕೆ ಸಂದಿತು. ಎರಡನೆಯ ಮಹಾಯುದ್ಧದ ತರುವಾಯ ಲೈಪ್ಜಿಗ್ ಸೋವಿಯತ್ ಆಡಳಿತದ ವಲಯಕ್ಕೆ ಸೇರಿದ್ದರಿಂದ, ಪಶ್ಚಿಮಭಾಗದ ಪ್ರಕಾಶಕರು 1949ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪೌಲ್ಸ್‌ಕಿರ್ಖೆ ಎಂಬ ಚರ್ಚಿನಲ್ಲಿ ಮೇಳವನ್ನು ಮತ್ತೆ ಕೂಡಿಸಿದರು. 1848ರಲ್ಲಿ ಜರ್ಮನ್ ರಾಷ್ಟ್ರಸಭೆ ಸೇರಿದ್ದ ಸ್ಥಳವದು. 1949ರ ಮೇಳದಲ್ಲಿ 205 ಪ್ರಕಾಶಕರು ಪುಸ್ತಕಗಳನ್ನು ಪ್ರದರ್ಶಿಸಿದರು. ಜರ್ಮನ್ ಪುಸ್ತಕೋದ್ಯಮದವರು 1950ರಲ್ಲಿ ಆರಂಭಿಸಿದ ಶಾಂತಿಬಹುಮಾನ ಮೇಳದೊಡನೆ ಬೆಸೆದುಕೊಂಡಿತು. 1918ರಿಂದ 1921ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರು 1961ರಲ್ಲಿ ಅದೇ ಪೌಲ್ಸ್‌ಕಿರ್ಖೆಯಲ್ಲಿ ಈ ಗೌರವವನ್ನು ಸ್ವೀಕರಿಸಿದರು.

2019ರ ಮೇಳದಲ್ಲಿ ಸುಮಾರು 7,450 ಪ್ರದರ್ಶಕರೂ ಮೂರು ಲಕ್ಷಕ್ಕೆ ಮಿಕ್ಕ ಸಂದರ್ಶಕರೂ ಇದ್ದರು. ಮರುವರ್ಷ ಸಾಂಕ್ರಾಮಿಕ ರೋಗದ ಕಾರಣ ಮಳಿಗೆಗಳ ಪ್ರದರ್ಶನ ರದ್ದಾಯಿತು. ಅಕ್ಟೋಬರ್ 14ರಿಂದ 18ರವರೆಗೆ ಗೋಷ್ಠಿಗಳು ಬಹುಮಟ್ಟಿಗೆ ಅಂತರ್ಜಾಲದಲ್ಲಿಯೇ ನಡೆದವು. 1909ರಲ್ಲಿ ತೆರೆದ ಫೆಸ್ಟ್‌ಹಾಲೆ ಎಂಬ ಭವ್ಯ ಸಭಾಂಗಣದಲ್ಲಿ ಪ್ರೇಕ್ಷಕರಿಲ್ಲದ ವೇದಿಕೆಯಿಂದ ಲೇಖಕರ ಸಂವಾದಗಳು ಪ್ರಸಾರವಾದವು. ಆ ವರ್ಷದ ಶಾಂತಿಬಹುಮಾನ ಅಮರ್ತ್ಯ ಸೇನರಿಗೆ ಸಂದಿತು. ಅವರು ಅಮೆರಿಕದ ಬಾಸ್ಟನ್ನಿನಿಂದ ತೆರೆಯ ಮೇಲೆ ಮಾತನಾಡಿದರು. ಪ್ರಶಸ್ತಿಯ ಅಭಿನಂದನ ಭಾಷಣ ಮಾಡಬೇಕಾಗಿದ್ದ ಜರ್ಮನ್ ರಾಷ್ಟ್ರಾಧ್ಯಕ್ಷರು ಪ್ರತ್ಯೇಕವಾಸದಲ್ಲಿದ್ದುದರಿಂದ ಅದನ್ನು ನಟನೊಬ್ಬನು ಓದಿದನು. ಮಾತು ಸಾಗಿತು, ಮಾತಿನವರು ಸಾಗಬೇಕಾಗಲಿಲ್ಲ.

ಹಾಗಾದರೆ ಮೇಳವೇ ಅನಾವಶ್ಯಕವಾಯಿತೆ? ಮುಂದಿನ ವರ್ಷಗಳ ಅನುಭವ ಹಾಗೆ ಹೇಳುವುದಿಲ್ಲ. 2021ರಲ್ಲಿ ಸುಮಾರು 73,500 ಮಂದಿ ಬಂದರು. 2023ರಲ್ಲಿ ಆ ಸಂಖ್ಯೆ ಎರಡು ಲಕ್ಷವನ್ನು ದಾಟಿತು. ಇದಕ್ಕೆ ಕಾರಣವನ್ನು ಮೇಳದ ಕಸುಬಿನಲ್ಲಿಯೇ ಕಾಣಬಹುದು. ಅಲ್ಲಿ ಮುಖ್ಯವಾಗಿ ಮಾರಾಟವಾಗುವುದು ಅನುವಾದ ಮೊದಲಾದ ಹಕ್ಕುಗಳು. ಅಂಥ ವ್ಯವಹಾರಕ್ಕೆ ಎದುರುಬದುರು ಕುಳಿತು ಆಡುವ ಮಾತೂ, ಹಲವು ವರ್ಷಗಳ ಪರಿಚಯದಿಂದ ಹುಟ್ಟುವ ವಿಶ್ವಾಸವೂ ಬೇಕು. ಗೋಷ್ಠಿಯ ಮಾತು ಎಲ್ಲರಿಗೂ ಕೇಳಲೆಂದೇ ಇರುವುದು. ವ್ಯವಹಾರದ ಮಾತು ಇಬ್ಬರ ನಡುವಿನದು. ಮೊದಲನೆಯದನ್ನು ನೇರಪ್ರಸಾರ ವಿಸ್ತರಿಸಿತು. ಎರಡನೆಯದಕ್ಕೆ ಅದು ಪೂರ್ತಿಯಾಗಿ ಬದಲಾಗಲಿಲ್ಲ.

ಇತಿಹಾಸಾಭ್ಯಾಸಿಗಳು ಲಕ್ಷ್ಯಕ್ಕೆ ತರಬೇಕಾದ ಸಂಗತಿ ಮತ್ತೊಂದಿದೆ. ಕಾಗದದ ಮೇಲೆ ಅಚ್ಚಾಗಿ ಹಲವು ಗ್ರಂಥಾಲಯಗಳಿಗೆ ಹಂಚಿಹೋದುದರಿಂದ ಮೇಳದ ಪಟ್ಟಿಗಳು ನಾಲ್ಕು ಶತಮಾನಗಳನ್ನು ಕಳೆದು ನಮ್ಮ ಕೈಸೇರಿವೆ. ನೇರಪ್ರಸಾರದ ಮುದ್ರಿಕೆಯಾದರೋ ಅನೇಕವೇಳೆ ಪ್ರಸಾರಮಾಡಿದವರ ಭಂಡಾರದಲ್ಲಿ ಮಾತ್ರ ಇರುತ್ತದೆ. ಅವರು ಅಳಿಸಿದರೆ ಅದು ಎಲ್ಲರಿಗೂ ಅಳಿದಂತೆಯೇ. ಸಾವಿರಾರು ಜನ ಕೇಳಿದ ಚರ್ಚೆಯೂ ಎಸ್ತಿಯೆನ್ನನ ಕಾಲದ ಅಂಗಡಿಮಾತಿನಂತೆ ಗುರುತಿಲ್ಲದೆ ಹೋಗಬಹುದು. ಆದಕಾರಣ ಇಂಥ ಗೋಷ್ಠಿಗಳ ದಿನಾಂಕ, ಭಾಷಣಕಾರರ ಹೆಸರು, ಮಾತಿನ ಲಿಖಿತ ಪಾಠ ಇವನ್ನು ಮುದ್ರಿಕೆಯೊಡನೆ ಗ್ರಂಥಾಲಯಗಳಲ್ಲಿ ಸಂಗ್ರಹಿಸುವುದು ಅವಶ್ಯಕ. ದೂರಕ್ಕೆ ಕೇಳಿಸುವುದು ಒಂದು, ಬಹುಕಾಲ ಉಳಿಯುವುದು ಇನ್ನೊಂದು. ಮೊದಲನೆಯದನ್ನು ಯಂತ್ರ ಸಾಧಿಸಿಕೊಟ್ಟಿದೆ. ಎರಡನೆಯದು ವಿದ್ಯಾಸಂಸ್ಥೆಗಳ ಹೊಣೆ.