ಮೆಮೊರಿಯ ಲೆಕ್ಕ, ಲೆಕ್ಕದ ಖರ್ಚು

ಲಿನಕ್ಸ್ ಕರ್ನಲ್ ಮೆಮೊರಿಯನ್ನು ಸಾಮಾನ್ಯವಾಗಿ 4,096 ಬೈಟ್‌ಗಳ ಪುಟಗಳಾಗಿ ಹಂಚಿಕೊಂಡಿರುತ್ತದೆ. 64 ಬಿಟ್ ಯಂತ್ರದಲ್ಲಿ ಪ್ರತಿ ಪುಟಕ್ಕೂ 64 ಬೈಟ್‌ನ ಒಂದು ದಾಖಲೆ ಇರುತ್ತದೆ. ಪುಟ ಎಷ್ಟು ಕಡೆ ಬಳಕೆಯಲ್ಲಿದೆ, ಯಾವ ಪಟ್ಟಿಯಲ್ಲಿದೆ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ನೂರಕ್ಕೆ ಒಂದೂವರೆ ಪಾಲು ಎಂದರೆ ಸಣ್ಣದೆನಿಸುತ್ತದೆ. 1 ಟೆರಾಬೈಟ್ ಮೆಮೊರಿಯ ಸರ್ವರ್‌ನಲ್ಲಿ ಅದು 16 ಗಿಗಾಬೈಟ್.

ಈ ಖರ್ಚು ಇಂದಿನದಲ್ಲ. 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬಳಕೆಗೆ ಬಂದ ಅಟ್ಲಾಸ್ ಕಂಪ್ಯೂಟರ್, ಪುಟವನ್ನು ಮುಟ್ಟಿದಾಗ ಹಾರ್ಡ್‌ವೇರ್‌ನಲ್ಲೇ ಗುರುತು ಹಾಕಿಕೊಳ್ಳುತ್ತಿತ್ತು. ಪ್ರತಿ 1,024 ಆದೇಶಗಳಿಗೊಮ್ಮೆ ಆ ಗುರುತುಗಳನ್ನು ಓದಿ ಇಡುತ್ತಿತ್ತು. ಮುಖ್ಯ ಮೆಮೊರಿಯಲ್ಲಿ ಇದ್ದದ್ದು 32 ಪುಟ, ಹಾಗಾಗಿ ಭಾರವಾಗಲಿಲ್ಲ. ವ್ಯಾಕ್ಸ್ ಯಂತ್ರದಲ್ಲಿ ಅಂಥ ಗುರುತಿನ ಬಿಟ್ಟೇ ಇರಲಿಲ್ಲ. ಬರ್ಕ್ಲಿಯ ಓಜಾಲ್ಪ್ ಬಾಬಾಓಲು ಮತ್ತು ಬಿಲ್ ಜಾಯ್ ಅದಕ್ಕೊಂದು ಉಪಾಯ ಹುಡುಕಿ 1981ರಲ್ಲಿ ಪ್ರಕಟಿಸಿದರು: ಇರುವ ಪುಟವನ್ನೇ 'ಇಲ್ಲ' ಎಂದು ಬರೆದಿಡುವುದು, ಪ್ರೋಗ್ರಾಂ ಅಲ್ಲಿ ಎಡವಿದಾಗ ಪುಟ ಬಳಕೆಯಲ್ಲಿದೆ ಎಂದು ತಿಳಿಯುವುದು. ಎಡವಿದಷ್ಟು ಸಲವೂ ಪ್ರೊಸೆಸರ್‌ನ ಸಮಯ ಹೋಗುತ್ತಿತ್ತು.

ಒಂದೇ ಯಂತ್ರದಲ್ಲಿ ಹಲವರ ಕೆಲಸ ಓಡತೊಡಗಿದ ಮೇಲೆ ಪುಟವನ್ನು ಯಾರ ಖಾತೆಗೆ ಬರೆಯಬೇಕು ಎಂಬ ಪ್ರಶ್ನೆಯೂ ಸೇರಿಕೊಂಡಿತು. ಐಬಿಎಂನ ಬಲ್ಬೀರ್ ಸಿಂಗ್ ಮತ್ತು ಇತರರು ರೂಪಿಸಿದ ಮೆಮೊರಿ ನಿಯಂತ್ರಕ 2008ರಲ್ಲಿ ಲಿನಕ್ಸ್ 2.6.25ರ ಜೊತೆ ಬಂತು. ಇಂದಿನ ಕಂಟೇನರ್‌ಗಳ ಮೆಮೊರಿ ಮಿತಿ ನಿಂತಿರುವುದು ಅದರ ಮೇಲೆಯೇ. ಆದರೆ ಈ ಖಾತೆಗಾಗಿ ಒಂದು ಕಾಲಕ್ಕೆ ಪುಟವೊಂದಕ್ಕೆ ಐದು ಪಾಯಿಂಟರ್, ಅಂದರೆ 40 ಬೈಟ್ ಹೆಚ್ಚುವರಿಯಾಗಿ ಹೋಗುತ್ತಿತ್ತು. ಬೇಡದವರು ಕೈಬಿಡಲಿ ಎಂದು ಅವನ್ನು ಪ್ರತ್ಯೇಕ ಕೋಷ್ಟಕದಲ್ಲಿ ಇಟ್ಟಿದ್ದರು. ಯೊಹಾನೆಸ್ ವೈನರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಇದನ್ನು ಕಡಿಯುತ್ತ ಬಂದರು. ಒಂದೇ ಪುಟ ಎರಡೆರಡು ಪಟ್ಟಿಯಲ್ಲಿರುವ ವ್ಯವಸ್ಥೆ ಮೊದಲು ಹೋಯಿತು. 2015ರ 3.19ರ ಹೊತ್ತಿಗೆ ಉಳಿದದ್ದು ಒಂದೇ ಪಾಯಿಂಟರ್. ಅದು ಪುಟದ ಮೂಲ ದಾಖಲೆಯೊಳಗೇ ಸೇರಿತು, ಕೋಷ್ಟಕ ಮಾಯವಾಯಿತು. ಹೊಸ ಸೌಲಭ್ಯ ಒಂದನ್ನೂ ಸೇರಿಸದೆ ಬರೀ ಭಾರ ಇಳಿಸಿದ ಈ ಕೆಲಸವೇ ಈ ಕ್ಷೇತ್ರದ ಅತ್ಯುತ್ತಮ ಸಾಧನೆ ಎಂದು ನನ್ನ ಎಣಿಕೆ.

ಜಾಗದ ಖರ್ಚಿಗಿಂತ ಸಮಯದ ಖರ್ಚು ಇನ್ನೂ ಕಠಿಣ. ಹತ್ತಾರು ಕೋರ್‌ಗಳು ಒಂದೇ ಎಣಿಕೆಯನ್ನು ತಿದ್ದಲು ನುಗ್ಗಿದರೆ ಎಲ್ಲವೂ ಒಂದನ್ನೊಂದು ಕಾಯುತ್ತವೆ. 3.19ರಲ್ಲೇ ಆ ಎಣಿಕೆಯ ಲಾಕ್ ತೆಗೆದರು, ಆದರೂ ಕಾಯುವಿಕೆ ಪೂರ್ತಿ ತಪ್ಪಲಿಲ್ಲ. ಅದಕ್ಕೇ ಪ್ರತಿ ಕೋರ್ 32 ಪುಟಗಳನ್ನು ಒಟ್ಟಿಗೆ ಖಾತೆಗೆ ಬರೆದುಕೊಳ್ಳುತ್ತಿತ್ತು: ಸಗಟಾಗಿ ತಂದು ಚಿಲ್ಲರೆಯಾಗಿ ಹಂಚುವ ಅಂಗಡಿಯವರಂತೆ. 2022ರಲ್ಲಿ ಅದನ್ನು 64 ಪುಟಕ್ಕೆ ಏರಿಸಿದರು. ಹೀಗಾಗಿ ಒಂದು ಕೋರ್‌ನಲ್ಲಿ 256 ಕಿಲೋಬೈಟ್‌ವರೆಗೆ ಲೆಕ್ಕ ನಿಜಕ್ಕಿಂತ ಹೆಚ್ಚು ತೋರಬಹುದು. ಇಷ್ಟು ತಪ್ಪನ್ನು ಒಪ್ಪಿಕೊಂಡದ್ದು ಸರಿಯಾದ ವಿವೇಕ. ಕೊನೆಯ ಬೈಟ್‌ವರೆಗೂ ಕರಾರುವಾಕ್ಕಾದ ಲೆಕ್ಕಕ್ಕೆ ಎಲ್ಲರೂ ಕಾಯಬೇಕಾಗುತ್ತಿತ್ತು.

ಕರ್ನಲ್ ತಾನೇ ಬಳಸುವ ಸಣ್ಣ ಸಣ್ಣ ತುಣುಕುಗಳ ಕಥೆ ಬೇರೆ. ಗ್ಲೌಬರ್ ಕೋಸ್ಟಾ ಆರಂಭಿಸಿದ ಆ ಲೆಕ್ಕ 2013ರ 3.8ರಲ್ಲಿ ಬಂತು. ಪುಟವನ್ನು ಕತ್ತರಿಸಿ ಕೊಡುವ ಸ್ಲ್ಯಾಬ್ ತುಣುಕುಗಳಿಗೂ ಅದು ಅನ್ವಯಿಸಿದ್ದರಿಂದ, ಒಂದೇ ಖಾತೆಯಡಿ ಓಡುವ ಪ್ರೋಗ್ರಾಂಗಳ ಪ್ರತಿ ಗುಂಪಿಗೂ ಬೇರೆ ಬೇರೆ ಸ್ಲ್ಯಾಬ್ ಪುಟಗಳಾದವು, ಎಷ್ಟೋ ಪುಟ ಅರೆಬರೆ ತುಂಬಿ ಹಾಗೇ ಉಳಿದವು. 2020ರ 5.9ರಲ್ಲಿ ರೋಮನ್ ಗುಶ್ಚಿನ್ ಪುಟಗಳನ್ನು ಎಲ್ಲರಿಗೂ ಹಂಚಿ, ಒಡೆತನವನ್ನು ಮಾತ್ರ ತುಣುಕು ತುಣುಕಿಗೆ ಬರೆದರು. ಫೇಸ್‌ಬುಕ್‌ನ ಸರ್ವರ್‌ಗಳಲ್ಲಿ ಸ್ಲ್ಯಾಬ್ ಮೆಮೊರಿ ಸರಾಸರಿ ಶೇ. 35ರಿಂದ 45ರಷ್ಟು ಇಳಿಯಿತು.

ಪ್ರತಿ ಸಲವೂ ಹೀಗೆ ಗೆಲುವಾಗಿಲ್ಲ. 2021ರಲ್ಲಿ ಫೈಲ್ ಲಾಕ್‌ಗಳಿಗೆ ಹೋಗುವ ಮೆಮೊರಿಯನ್ನೂ ಖಾತೆಗೆ ಹಾಕಿದರು. ಇಲ್ಲದಿದ್ದರೆ ಮಿತಿಯೊಳಗಿರುವ ಪ್ರೋಗ್ರಾಂ ಕೂಡ ಲಾಕ್ ಮೇಲೆ ಲಾಕ್ ಹಾಕಿ ಕರ್ನಲ್‌ನ ಮೆಮೊರಿ ಕಬಳಿಸಬಹುದಿತ್ತು. ಆದರೆ ಲಾಕ್ ಹಾಕಿ ತೆಗೆಯುವುದನ್ನಷ್ಟೇ ಅಳೆಯುವ ಸ್ವಯಂಚಾಲಿತ ಪರೀಕ್ಷೆಯಲ್ಲಿ ವೇಗ ಸುಮಾರು ಮೂರನೇ ಒಂದು ಭಾಗ ಕುಸಿಯಿತು. ತತ್ತ್ವದಲ್ಲಿ ಬದಲಾವಣೆ ಸರಿಯೆಂದು ಒಪ್ಪಿಯೂ ಲಿನಸ್ ಟೊರ್ವಾಲ್ಡ್ಸ್ ಅದನ್ನು ಹಿಂತೆಗೆದರು.

ಯಾರ ಖಾತೆ ಎಂಬುದಲ್ಲದೆ, ಕೋಡ್‌ನ ಯಾವ ಜಾಗ ಮೆಮೊರಿ ಕೇಳಿತು ಎಂಬುದೂ ಇನ್ನೊಂದು ಲೆಕ್ಕ. ಮೆಮೊರಿ ಪಡೆದ ಪ್ರತಿ ಸಲವೂ ಆ ಕರೆ ಬಂದ ದಾರಿಯನ್ನೆಲ್ಲ ಬರೆದಿಡುವ ಹಳೆಯ ಸಾಧನಗಳನ್ನು ದೋಷ ಹುಡುಕುವಾಗ ಮಾತ್ರ ಚಾಲೂ ಮಾಡುತ್ತಿದ್ದರು. ಸುರೇನ್ ಬಗ್ದಸಾರ್ಯನ್ ಮತ್ತು ಕೆಂಟ್ ಓವರ್‌ಸ್ಟ್ರೀಟ್ ಅವರ ವಿಧಾನ 2024ರ 6.10ರಲ್ಲಿ ಸೇರಿತು. ಕರ್ನಲ್ ಕಂಪೈಲ್ ಆಗುವಾಗಲೇ ಮೆಮೊರಿ ಕೇಳುವ ಪ್ರತಿ ಜಾಗಕ್ಕೂ ಒಂದು ಗುರುತು ಬೀಳುತ್ತದೆ, ಹಾಗಾಗಿ ಓಡುವಾಗ ದಾರಿ ಹುಡುಕಬೇಕಿಲ್ಲ. ಪುಟಕ್ಕೆ 8 ಬೈಟ್, ಶೇ. 0.2ರಷ್ಟು ಜಾಗ ಸಾಕು. ಕೋಡ್‌ನ ಯಾವ ಸಾಲು ಎಷ್ಟು ಮೆಮೊರಿ ಹಿಡಿದು ಕೂತಿದೆ ಎಂಬುದು ದುಡಿಯುತ್ತಿರುವ ಸರ್ವರ್‌ನಲ್ಲೇ ಕಾಣಸಿಗುತ್ತದೆ.