ಘಾಟಿ ದಾರಿಯ ಸೈಕಲ್ಲುಗಳು

ಕನ್ನಡದಲ್ಲಿ ಘಾಟಿ ಎಂದರೆ ಬೆಟ್ಟ ಹತ್ತಿ ಇಳಿಯುವ ದಾರಿ. ಉರ್ದುವಿನಲ್ಲಿ ಅದೇ ಘಾಟಿ ಹೆಚ್ಚಾಗಿ ಕಣಿವೆ. ದಾರಿಗೆ ನಾವು ದರ್ರಾ ಎನ್ನುತ್ತೇವೆ. ಫ್ರೆಂಚರು ಆ ಜಾಗಕ್ಕೆ ‘ಕೊಲ್’ ಎನ್ನುತ್ತಾರೆ. ಕತ್ತು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಮಾತದು. ಎರಡು ಶಿಖರಗಳ ನಡುವೆ ತಗ್ಗಿದ ಕತ್ತು. ಈ ಕತ್ತುಗಳ ಮೇಲೆ ಮೊದಲು ಕುರುಬರು ಕುರಿ ಹೊಡೆದುಕೊಂಡು ಹೋದರು, ಹೇಸರಗತ್ತೆಯವರು ಸರಕು ಸಾಗಿಸಿದರು, ಆಮೇಲೆ ಸೈನ್ಯಗಳು ಹಾದವು. ಸೈಕಲ್ಲು ಬಂದದ್ದು ತೀರಾ ತಡವಾಗಿ. ಅದೂ ಒಂದು ಪತ್ರಿಕಾ ಜಗಳದ ಕಾರಣದಿಂದ.

ಆ ಜಗಳದ ಬೇರು ಡ್ರೈಫಸ್ ಪ್ರಕರಣ. 1894ರಲ್ಲಿ ಫ್ರೆಂಚ್ ಸೈನ್ಯದ ಯಹೂದಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೈಫಸ್ ಮೇಲೆ ಗೂಢಚಾರಿಕೆಯ ಸುಳ್ಳು ಆರೋಪ ಹೊರಿಸಿ ಸೆರೆಗೆ ತಳ್ಳಿದರು. ಅವನು ನಿರ್ದೋಷಿ ಎಂದು ನ್ಯಾಯಾಲಯ ಒಪ್ಪಿದ್ದು 1906ರಲ್ಲಿ. ನಡುವಿನ ಹನ್ನೆರಡು ವರ್ಷ ಇಡೀ ದೇಶ ಎರಡು ಪಾಳೆಯವಾಗಿತ್ತು. ‘ಲ ವೆಲೊ’ ಎಂಬ ಹಸಿರು ಕಾಗದದ ಕ್ರೀಡಾ ಪತ್ರಿಕೆಯ ಸಂಪಾದಕ ಪಿಯೆರ್ ಜಿಫಾರ್ ಡ್ರೈಫಸ್ ಪರ ನಿಂತ. ಅದಕ್ಕೆ ಜಾಹೀರಾತು ಕೊಡುತ್ತಿದ್ದ ಕಾರು ತಯಾರಕ ಕೌಂಟ್ ದ ದಿಯೋಂ ಎದುರು ಪಾಳೆಯದವನು. ಅವನೂ ಅವನ ಸಂಗಡಿಗರೂ ಜಾಹೀರಾತು ಹಿಂದಕ್ಕೆ ಪಡೆದು 1900ರಲ್ಲಿ ತಮ್ಮದೇ ಪತ್ರಿಕೆ ಹೊರಡಿಸಿದರು. ಅದೇ ಹಳದಿ ಕಾಗದದ ‘ಲೋಟೊ’. ಸಂಪಾದಕ ಆನ್ರಿ ದೆಗ್ರಾಂಜ್. ಪತ್ರಿಕೆ ಸರಿಯಾಗಿ ಮಾರಾಟವಾಗದಾಗ 1903ರಲ್ಲಿ ದೇಶ ಸುತ್ತುವ ಸೈಕಲ್ ಸ್ಪರ್ಧೆ ಏರ್ಪಡಿಸಿದರು. ಟೂರ್ ಡಿ ಫ್ರಾನ್ಸ್ ಹುಟ್ಟಿದ್ದು ಹೀಗೆ. ಮರುವರ್ಷವೇ ಜಿಫಾರನ ಪತ್ರಿಕೆ ಮುಚ್ಚಿತು. ಸ್ಪರ್ಧೆಯಲ್ಲಿ ಮುಂದಿರುವವನು ಇಂದಿಗೂ ತೊಡುವ ಅಂಗಿಗೆ ಹಳದಿ ಬಣ್ಣ ಬಂದದ್ದು ಆ ಕಾಗದದಿಂದ ಎಂಬುದು ರೂಢಿಯ ಮಾತು.

ಮೊದಲ ವರ್ಷಗಳಲ್ಲಿ ದಾರಿ ಬಹುಮಟ್ಟಿಗೆ ಬಯಲಲ್ಲೇ ಇತ್ತು. ಪಿರೆನೀಸ್ ಪರ್ವತಗಳ ನೆತ್ತಿಯ ಮೇಲೆ ಸವಾರರನ್ನು ಹತ್ತಿಸಬೇಕೆಂಬ ಹಟ ಅದೇ ಪತ್ರಿಕೆಯ ಅಲ್ಫೋನ್ಸ್ ಸ್ಟೈನೆಸ್‌ನದು. 1910ರಲ್ಲಿ, ಹಿಮ ಇನ್ನೂ ಕರಗದ ಕಾಲದಲ್ಲಿ, ಅವನು ದಾರಿ ಪರೀಕ್ಷಿಸಲು ಕಾರಿನಲ್ಲಿ ಹೊರಟ. ಟೂರ್‌ಮಾಲೆ ಘಾಟಿಯಲ್ಲಿ ಕಾರು ಹಿಮದಲ್ಲಿ ಹೂತಿತು. ಇಳಿದು ಕತ್ತಲಲ್ಲಿ ನಡೆದ, ದಾರಿ ತಪ್ಪಿದ. ಹುಡುಕಲು ಬಂದವರು ಅವನನ್ನು ಊರಿಗೆ ಮುಟ್ಟಿಸುವಾಗ ಬೆಳಗಿನ ಜಾವ. ಒಂದಿಷ್ಟು ಸುಧಾರಿಸಿಕೊಂಡ ಅವನು ಮಾಡಿದ ಮೊದಲ ಕೆಲಸವೆಂದರೆ ಪ್ಯಾರಿಸಿಗೆ ತಂತಿ ಕಳಿಸಿದ್ದು: ಟೂರ್‌ಮಾಲೆ ದಾಟಿದೆ, ರಸ್ತೆ ಬಹಳ ಚೆನ್ನಾಗಿದೆ, ಯಾವ ತೊಂದರೆಯೂ ಇಲ್ಲ! ಸುಳ್ಳು ಹೇಳುವುದಕ್ಕೂ ಒಂದು ಧೈರ್ಯ ಬೇಕು. ಆ ಸುಳ್ಳಿನ ಬೆಲೆ ತೆರಬೇಕಾದವರು ಮಾತ್ರ ಬೇರೆಯವರು.

1910ರ ಜುಲೈ 21ರಂದು ಲುಶೋಂನಿಂದ ಬಯೋನ್ ತನಕ, ಒಂದೇ ದಿನದಲ್ಲಿ 326 ಕಿಲೋಮೀಟರ್. ಪೆರಿಸೂರ್ದ್, ಆಸ್ಪ್ಯಾಂ, ಟೂರ್‌ಮಾಲೆ, ಓಬಿಸ್ಕ್ ಎಂಬ ಘಾಟಿಗಳು ಒಂದರ ಹಿಂದೆ ಒಂದು. ಟೂರ್‌ಮಾಲೆಯ ಎತ್ತರ 2,115 ಮೀಟರ್; ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಹೆಚ್ಚು. ಆ ರಸ್ತೆ ಹಿಂದಿನ ಶತಮಾನದಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಬರುವ ಶ್ರೀಮಂತರ ಗಾಡಿಗಳಿಗಾಗಿ ಮಾಡಿದ್ದು. ಡಾಂಬರಿಲ್ಲ, ಬರೀ ಕಲ್ಲು ಮಣ್ಣು. ಸೈಕಲ್ಲುಗಳೋ ಕಬ್ಬಿಣದ ಭಾರದವು, ಗೇರಿಲ್ಲದವು. ಹೆಚ್ಚಿನವರು ಇಳಿದು ತಳ್ಳಿಕೊಂಡೇ ಹತ್ತಿದರು. ಟೂರ್‌ಮಾಲೆಯ ನೆತ್ತಿಗೆ ಮೊದಲು ಬಂದವನು ಒಕ್ತಾವ್ ಲಪೀಜ್. ಮುಂದೆ ಓಬಿಸ್ಕ್ ಹತ್ತುವಾಗ ಅವನು ದಾರಿ ಪಕ್ಕ ನಿಂತಿದ್ದ ಸಂಘಟಕರ ಮುಖ ನೋಡಿ ಕೂಗಿದ್ದು ಒಂದೇ ಮಾತು: ಕೊಲೆಗಡುಕರು! ಆ ದಿನ ದೆಗ್ರಾಂಜ್ ಅಲ್ಲಿರಲಿಲ್ಲ. ಬೈಸಿಕೊಳ್ಳುವ ಭಾಗ್ಯ ಅವನ ಸಹಾಯಕರದಾಯಿತು. ಲಪೀಜ್ ಆ ದಿನವನ್ನೂ ಆ ವರ್ಷದ ಸ್ಪರ್ಧೆಯನ್ನೂ ಗೆದ್ದ. ಏಳು ವರ್ಷಗಳ ನಂತರ, ಮಹಾಯುದ್ಧದಲ್ಲಿ ವಿಮಾನ ಹಾರಿಸುತ್ತಾ ಸತ್ತ.

1913ರಲ್ಲಿ ಅದೇ ಟೂರ್‌ಮಾಲೆಯ ಇಳಿಜಾರಿನಲ್ಲಿ ಯುಜೀನ್ ಕ್ರಿಸ್ತೋಫ್‌ನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಅವನು ಆ ವರ್ಷ ಗೆಲ್ಲಬಲ್ಲವನಾಗಿದ್ದ. ಸ್ಪರ್ಧೆಯ ನಿಯಮ ಕ್ರೂರವಾಗಿತ್ತು: ಸೈಕಲ್ ಬದಲಿಸುವಂತಿಲ್ಲ, ಯಾರ ಸಹಾಯವನ್ನೂ ಪಡೆಯುವಂತಿಲ್ಲ. ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಕಣಿವೆಯ ಸೇಂತ್ ಮರೀ ದ ಕಾಂಪಾಂ ಎಂಬ ಹಳ್ಳಿ ಸೇರಿದ. ಅಲ್ಲೊಂದು ಕಮ್ಮಾರಸಾಲೆ. ಕ್ರಿಸ್ತೋಫ್ ಹಿಂದೆ ಬೀಗ ಮಾಡುವ ಕಸುಬು ಕಲಿತಿದ್ದವನು. ಕುಲುಮೆಯ ಮುಂದೆ ನಿಂತು ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕು ಬೆಸೆದ. ಸ್ಪರ್ಧೆಯ ಅಧಿಕಾರಿ ಪಕ್ಕದಲ್ಲೇ ನಿಂತು ಕಾವಲು ಕಾದ. ಎರಡೂ ಕೈಗೆ ಕೆಲಸವಿದ್ದುದರಿಂದ ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೇ, ಹೊರಗಿನ ಸಹಾಯ ಪಡೆದನೆಂದು ಕೆಲವು ನಿಮಿಷಗಳ ದಂಡ ಹಾಕಿದರು! ಅಷ್ಟರಲ್ಲಿ ಅವನು ಗಂಟೆಗಳನ್ನೇ ಕಳೆದುಕೊಂಡಿದ್ದ. ಆದರೂ ಸವಾರಿ ಮುಂದುವರಿಸಿ ಪ್ಯಾರಿಸ್ ಮುಟ್ಟಿದ. 1919ರಲ್ಲಿ ಹಳದಿ ಅಂಗಿ ಮೊದಲು ಸಿಕ್ಕಿದ್ದು ಅವನಿಗೇ, ಆಗಲೂ ಫೋರ್ಕು ಮುರಿಯಿತು. ಟೂರ್ ಗೆಲ್ಲದೆಯೇ ಅವನ ಕಾಲ ಮುಗಿಯಿತು. ಗೆದ್ದ ಎಷ್ಟೋ ಜನರ ಹೆಸರು ಮಾಸಿದೆ. ಆ ಹಳ್ಳಿಯಲ್ಲಿ ಇವನ ಹೆಸರಿನ ಫಲಕವಿದೆ.

ದೆಗ್ರಾಂಜ್‌ಗೆ ಮನುಷ್ಯನ ಸ್ನಾಯುಬಲವೇ ಸರ್ವಸ್ವ. ಗೇರು ಬದಲಿಸುವ ಸಾಧನ ಮುದುಕರಿಗಷ್ಟೇ ಎನ್ನುವವನು ಅವನು. ಪ್ರವಾಸಿ ಸವಾರರು ಅದನ್ನು ಬಳಸಿ ಆರಾಮಾಗಿ ಘಾಟಿ ಹತ್ತುತ್ತಿದ್ದರೂ ಟೂರಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ಇದೇ ಸೈಕಲ್ ಲೋಕದ ಇನ್ನೊಂದು ಜಾಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದೆಗ್ರಾಂಜ್ ನಡೆಸಿದ ಪ್ಯಾರಿಸಿನ ಒಳಾಂಗಣ ಸೈಕಲ್ ಕ್ರೀಡಾಂಗಣ ‘ವೆಲೊದ್ರೋಮ್ ದಿವೇರ್’ ತೆರೆದದ್ದೂ 1910ರಲ್ಲೇ. 1942ರ ಜುಲೈ 16 ಮತ್ತು 17ರಂದು ಫ್ರೆಂಚ್ ಪೊಲೀಸರು ಪ್ಯಾರಿಸ್ ಮತ್ತು ಸುತ್ತಮುತ್ತ 13,152 ಯಹೂದಿಯರನ್ನು ಹಿಡಿದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು. ಮಕ್ಕಳಿದ್ದ ಕುಟುಂಬಗಳನ್ನು ಈ ಕ್ರೀಡಾಂಗಣದಲ್ಲಿ ಕೂಡಿಹಾಕಿ, ದಿನಗಟ್ಟಲೆ ಸರಿಯಾಗಿ ನೀರೂ ಕೊಡದೆ, ಬಳಿಕ ಶಿಬಿರಗಳ ಮೂಲಕ ಆಶ್‌ವಿಟ್ಜ್‌ಗೆ ಸಾಗಿಸಿದರು. ಡ್ರೈಫಸ್‌ನ ಕಾಲದ ದ್ವೇಷ ತಣ್ಣಗಾಯಿತೆಂದು ಭಾವಿಸಿದವರಿಗೆ ಅದು ಎಷ್ಟು ದೂರ ಬಂದಿದೆ ಎಂಬುದು ಆ ದಿನಗಳಲ್ಲಿ ಕಂಡಿತು. ಫ್ರೆಂಚ್ ರಾಷ್ಟ್ರಾಧ್ಯಕ್ಷರೊಬ್ಬರು ಸರ್ಕಾರದ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳಲು 1995 ಬರಬೇಕಾಯಿತು.

ಮರುವರ್ಷ ಇಟಲಿಯಲ್ಲಿ ಸೈಕಲ್ಲಿನದು ಬೇರೆ ಕಥೆ. ಫ್ಲಾರೆನ್ಸ್ ಸಮೀಪದ ಜೀನೊ ಬಾರ್ತಾಲಿ 1938ರಲ್ಲಿ ಟೂರ್ ಗೆದ್ದಿದ್ದ ಘಾಟಿವೀರ, ಭಕ್ತ ಕ್ಯಾಥೊಲಿಕ್. 1943ರ ಸೆಪ್ಟೆಂಬರಿನಲ್ಲಿ ಜರ್ಮನರು ಇಟಲಿಯನ್ನು ಹಿಡಿದ ಮೇಲೆ ಯಹೂದಿಯರ ಬೇಟೆ ಶುರುವಾಯಿತು. ಫ್ಲಾರೆನ್ಸಿನ ಕಾರ್ಡಿನಲ್ ಎಲಿಯ ದಲ್ಲಾ ಕೋಸ್ತಾ ಕರೆದು ಕೇಳಿದಾಗ ಬಾರ್ತಾಲಿ ಒಪ್ಪಿಕೊಂಡನೆಂದು ಕಥೆ. ಫೋಟೊಗಳನ್ನೂ ಕಾಗದಗಳನ್ನೂ ಸುರುಳಿ ಸುತ್ತಿ ಸೈಕಲ್ಲಿನ ಕೊಳವೆಯೊಳಗೆ ತುರುಕಿ, ಮೇಲೆ ಸೀಟು ಕೂರಿಸಿ, ಕಣಿವೆಗಳ ದಾರಿ ಹಿಡಿದು ಅಸ್ಸಿಸಿಗೆ ಹೋಗುತ್ತಿದ್ದ. ಅಲ್ಲಿ ಪಾದ್ರಿಗಳು ಮರೆಮಾಡಿದ್ದ ಯಹೂದಿಯರಿಗೆ ಊರಿನ ಮುದ್ರಕನೊಬ್ಬ ಸುಳ್ಳು ಗುರುತುಚೀಟಿ ಅಚ್ಚು ಹಾಕುತ್ತಿದ್ದ. ಕಾವಲಿನವರು ತಡೆದರೆ, ತಾಲೀಮು ನಡೆಸುತ್ತಿದ್ದೇನೆ, ಸೈಕಲ್ ಮುಟ್ಟಬೇಡಿ, ಎಲ್ಲವನ್ನೂ ಅಳತೆಗೆ ಕೂರಿಸಿದೆ ಎನ್ನುತ್ತಿದ್ದನಂತೆ. ಅವನ ಮುಖದ ಪರಿಚಯವೇ ಅವನ ರಹದಾರಿ.

ಯುದ್ಧ ಮುಗಿದಾಗ ವಯಸ್ಸು ಮೂವತ್ತು ದಾಟಿತ್ತು. 1948ರ ಟೂರಿನಲ್ಲಿ ಅವನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದ. ಜುಲೈ 14ರಂದು ರೋಮಿನಲ್ಲಿ ಕಮ್ಯುನಿಸ್ಟ್ ನಾಯಕ ತೋಲ್ಯಾತ್ತಿಯ ಮೇಲೆ ಗುಂಡು ಹಾರಿತು, ಇಟಲಿ ಹೊತ್ತಿಕೊಂಡಿತು. ಪ್ರಧಾನಿ ದೆ ಗಾಸ್ಪೆರಿ ಬಾರ್ತಾಲಿಗೆ ಫೋನ್ ಮಾಡಿ ಗೆಲ್ಲಬಲ್ಲೆಯಾ ಎಂದು ಕೇಳಿದನಂತೆ. ಮರುದಿನ ಆಲ್ಪ್ಸ್‌ನಲ್ಲಿ ಅಲೋಸ್, ವಾರ್ಸ್, ಇಜೊಆರ್ ಘಾಟಿಗಳನ್ನು ದಾಟಿ ಬಾರ್ತಾಲಿ ಗೆದ್ದ. ಕೊನೆಗೆ ಟೂರನ್ನೂ ಗೆದ್ದ. ಅವನ ಗೆಲುವು ಅಂತರ್ಯುದ್ಧ ತಪ್ಪಿಸಿತು ಎಂದು ಇಟಲಿಯಲ್ಲಿ ಹೇಳುತ್ತಾರೆ. ನಮಗೆ ಅದು ಅತಿಯಾಯಿತು ಅನಿಸುತ್ತದೆ. ಗುಂಡೇಟು ತಿಂದ ತೋಲ್ಯಾತ್ತಿಯೇ ತನ್ನವರಿಗೆ ಶಾಂತರಾಗಿರಿ ಎಂದಿದ್ದ. ಆ ಮಾತಿನ ತೂಕ ಕಡಿಮೆಯದಲ್ಲ.

ಕಾಗದ ಸಾಗಿಸಿದ ಬಗ್ಗೆ ಬಾರ್ತಾಲಿ ಬದುಕಿರುವಷ್ಟು ಕಾಲ ಹೆಚ್ಚು ಮಾತಾಡಲಿಲ್ಲ. 2000ದಲ್ಲಿ ತೀರಿಕೊಂಡ. 2013ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ಅವನನ್ನು ಯಹೂದಿಯರನ್ನು ಕಾಪಾಡಿದ ಸಜ್ಜನರ ಪಟ್ಟಿಗೆ ಸೇರಿಸಿತು. ಈಚೆಗೆ ಇಟಲಿಯ ಕೆಲವು ಇತಿಹಾಸಕಾರರು ಅಸ್ಸಿಸಿಯ ಸವಾರಿಗಳಿಗೆ ಗಟ್ಟಿ ದಾಖಲೆ ಎಲ್ಲಿ ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಕ್ಕಿಬೀಳದಂತೆ ಮಾಡಿದ ಕೆಲಸ ಕಾಗದದಲ್ಲಿ ಉಳಿಯುವುದೂ ಕಷ್ಟವೇ. ಸಾಕ್ಷಿಯೊಂದು ಮಾತ್ರ ನೇರವಾಗಿದೆ: ಬಾರ್ತಾಲಿ ತಮ್ಮನ್ನು ಫ್ಲಾರೆನ್ಸಿನ ಒಂದು ನೆಲಮಾಳಿಗೆಯಲ್ಲಿ ಅಡಗಿಸಿಟ್ಟಿದ್ದನೆಂದು ಆ ಯಹೂದಿ ಕುಟುಂಬದ ಮಗ ಮುಪ್ಪಿನಲ್ಲಿ ಹೇಳಿದ್ದಾನೆ. ಆಗ ಅವನು ಚಿಕ್ಕ ಹುಡುಗ.