ಬೆಳ್ಳಿಯ ಮೇಲಿನ ಸಂವತ್ಸರ

ಚೀನೀಯರು ಇಲಿ, ಎತ್ತು, ಹುಲಿ ಮೊದಲಾದ ಹನ್ನೆರಡು ಪ್ರಾಣಿಗಳ ಹೆಸರಿನಿಂದ ವರ್ಷಗಳನ್ನು ಎಣಿಸುವರೆಂಬುದು ವಾಚಕರಿಗೆ ತಿಳಿದಿರಬಹುದು. ಚೀನಾ ದೇಶವು 1981ರ ಕೋಳಿಯ ವರ್ಷದಿಂದ ಮೊದಲ್ಗೊಂಡು ಆಯಾ ಪ್ರಾಣಿಯ ರೂಪವುಳ್ಳ ಬೆಳ್ಳಿಯ ನಾಣ್ಯಗಳನ್ನು ಹೊರಡಿಸಿತು. ಅವನ್ನು ಜನರು ಸಂಗ್ರಹಕ್ಕೆಂದೇ ಕೊಳ್ಳುವರು. ಆದರೆ ವರ್ಷದ ಹೆಸರನ್ನು ಬೆಳ್ಳಿಯ ಮೇಲೆ ಅಚ್ಚೊತ್ತುವ ಕಾರ್ಯವು ಅದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ನಡೆದಿತ್ತು.

ಟೀಪೂ ಸುಲ್ತಾನನು ಹೊರಡಿಸಿದ ಎರಡು ರೂಪಾಯಿಯ ದೊಡ್ಡ ನಾಣ್ಯಕ್ಕೆ ಹೈದರಿ ಎಂದು ಹೆಸರು. ಅದರ ಪಾರಸಿ ಬರಹದಲ್ಲಿ ಹಿಜರಿ ಶಕದ ಅಂಕಿಯೊಡನೆ 'ಅಜಲ್', 'ದಲ್ವ್' ಎಂಬಂತಹ ಒಂದು ಪದವೂ ಇರುವುದು. ಇದು ಬರಿಯ ಅಲಂಕಾರವಲ್ಲ. ನಮ್ಮಲ್ಲಿ ಕಟಪಯಾದಿ ಇರುವಂತೆ ಅರಬ್ಬಿಯಲ್ಲಿಯೂ ಅಕ್ಷರಗಳಿಗೆ ಸಂಖ್ಯಾಮೌಲ್ಯವುಂಟು. ದಾಲ್ 4, ಲಾಮ್ 30, ವಾವ್ 6, ಕೂಡಿಸಿದರೆ 40. ಪ್ರಭವದಿಂದ ಎಣಿಸಿರಿ, ನಲವತ್ತನೆಯದು ಪರಾಭವ, ಎಂದರೆ 1786ರ ಯುಗಾದಿಯಂದು ಮೊದಲಾದ ಸಂವತ್ಸರ! ಹಾಗೆಯೇ 'ಅಜಲ್' ಎಂದರೆ 1, 7, 30 ಕೂಡಿ 38, ಅದು ಕ್ರೋಧಿ. ನಮ್ಮ ಅಜ್ಜಿಯರು ಹುಟ್ಟಿದ ವರ್ಷವನ್ನು ಹೇಳುತ್ತಿದ್ದ ಅದೇ ಅರವತ್ತರ ಚಕ್ರವು ಪಾರಸಿಯ ವೇಷದಲ್ಲಿ ನಾಣ್ಯವನ್ನೇರಿತ್ತು.

ಚೀನೀಯರ ಹನ್ನೆರಡಕ್ಕೂ ನಮ್ಮ ಅರವತ್ತಕ್ಕೂ ನಂಟಿರುವುದು ಗುರುಗ್ರಹದಲ್ಲಿ. ಗುರುವು ಸೂರ್ಯನನ್ನು ಸುತ್ತಲು ಹತ್ತಿರ ಹತ್ತಿರ ಹನ್ನೆರಡು ವರ್ಷ ಬೇಕು. ಐದು ಸುತ್ತಿಗೆ ಅರವತ್ತು. ಟೀಪುವಿನ ತಾಮ್ರದ ನಾಣ್ಯಗಳಿಗಂತೂ ಗ್ರಹನಕ್ಷತ್ರಗಳ ಹೆಸರೇ ಉಂಟು: ಮುಷ್ತರಿ ಎಂದರೆ ಗುರು, ಜೊಹ್ರಾ ಎಂದರೆ ಶುಕ್ರ, ಬಹ್ರಾಮ್ ಎಂದರೆ ಕುಜ. ಪ್ರಾಣಿಯೂ ಇಲ್ಲದಿಲ್ಲ, ಈ ತಾಮ್ರದ ಕಾಸುಗಳ ಮೇಲೆ ಆನೆ ನಿಂತಿದೆ. ಇವು ದೂರದ ಮಾತಲ್ಲ. ಕಣೇಕಲ್ಲಿನ ನಮಗೆ ನೆರೆಯದಾದ ಗುತ್ತಿಯನ್ನು 1776ರಲ್ಲಿ ಹೈದರಾಲಿಯು ಮುರಾರಿರಾಯನಿಂದ ಗೆದ್ದನು. ಟೀಪುವು ಅದಕ್ಕೆ ಫೈಜ್ ಹಿಸಾರ್ ಎಂದು ಹೆಸರಿಟ್ಟು ಅಲ್ಲಿಯೂ ಆನೆಯ ಕಾಸನ್ನು ಅಚ್ಚೊತ್ತಿಸಿದನು.

1787ರಿಂದ ಅವನು ಹಿಜರಿಯನ್ನು ಬಿಟ್ಟು ಪೈಗಂಬರರ ಜನನದಿಂದೆಣಿಸುವ ಮೌಲೂದಿ ಶಕವನ್ನು ಹಿಡಿದನು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ್ದರಿಂದ 1215 ಎಂಬುದು 5121 ಆಗಿ ತೋರುವುದು. ಅಕ್ಷರಗಳ ಮೌಲ್ಯಕ್ರಮವನ್ನೂ ಬದಲಿಸಿದ್ದರಿಂದ ಮೇಲಿನ ಲೆಕ್ಕವು ಮುಂದಿನ ಪದಗಳಿಗೆ ಒಗ್ಗದು. ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು.

ನಮ್ಮ ಹಿರಿಯರ ಪೆಟ್ಟಿಗೆಯಲ್ಲಿಯೂ ಪಾರಸಿ ಬರಹದ ಅಗಲವಾದ ಒಂದು ಬೆಳ್ಳಿಯ ನಾಣ್ಯವಿದ್ದಿತು. ಮದುವೆಯೊಂದಕ್ಕೆ ಕಾಲುಂಗುರ ಮಾಡಿಸಲೆಂದು ಅದು ಅಕ್ಕಸಾಲೆಯ ಮೂಸೆಗೆ ಹೋಯಿತು. ಅದು ಯಾರ ಕಾಲದ್ದೆಂದು, ಅದರ ಮೇಲೆ ಯಾವ ವರ್ಷವಿದೆಯೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.